ಇಪ್ಪತ್ತು ಬೈಟಿನಲ್ಲಿ ಮೂರು ತಾಲ್ಲೂಕು

ನಮ್ಮ ನೆಂಟಸ್ತನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ದಾಟಿ ಹೋಗುವುದು ಅಪರೂಪ. ಹೆಣ್ಣು ಕೊಟ್ಟದ್ದು ತುಂಗೆಯ ಕಡೆಗಾದರೆ ತಂದದ್ದು ಭದ್ರೆಯ ಕಡೆಯಿಂದ. ಯಾರ ಮನೆಗೆ ಹೋದರೂ ಕಾಫಿ ಲೋಟ ಕೆಳಗಿಡುವುದರೊಳಗೆ ಎಲ್ಲಿಂದಲೋ ಒಂದು ಸಂಬಂಧ ಹೊರಟುಬಿಡುತ್ತದೆ. ಹೀಗೆ ಹೊರಡುವ ಸಂಬಂಧಗಳನ್ನೆಲ್ಲ ಒಂದೇ ಕಡೆ ಬರೆದಿಡಬೇಕೆಂದು ಕೊಪ್ಪದ ಚಿಕ್ಕಪ್ಪನಿಗೆ ಅನ್ನಿಸಿ, ವಂಶಾವಳಿಯ ವೆಬ್‌ಸೈಟೊಂದು ಹುಟ್ಟಿಕೊಂಡಿತು. ಬೆಂಗಳೂರಿನ ಕೆಲಸವನ್ನು ಊರಿನ ಜಗಲಿಯಲ್ಲೇ ಕೂತು ಮಾಡುವ ನನ್ನನ್ನು, “ಹ್ಯಾಗೂ ಮನೇಲೇ ಇರ್ತೀಯಲ್ಲ” ಎಂದು ಅದರ ಉಸ್ತುವಾರಿಗೆ ನೇಮಿಸಿದರು. ಸಂಬಳವಿಲ್ಲ, ಹಲಸಿನ ಹಪ್ಪಳ ಉಂಟು.

ಹಳೆಯ ಫೋಟೊ, ಪತ್ರ, ಜಾತಕ ಏನಿದ್ದರೂ ಕಳಿಸಿ ಎಂದು ಚಿಕ್ಕಪ್ಪ ಸಾರಿದರು. ವಾಟ್ಸಾಪಿನಲ್ಲಿ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸಿಬಿಡುತ್ತದೆ. ಗ್ರೂಪ್ ಫೋಟೊದಲ್ಲಿ ಅಜ್ಜ ಯಾರು, ಅಜ್ಜನ ಹಿಂದಿನ ಕಂಬ ಯಾವುದು ಎಂದು ತಿಳಿಯುವುದಿಲ್ಲ. ಆದ್ದರಿಂದ ನೇರವಾಗಿ ಸೈಟಿಗೇ ಹಾಕಬೇಕೆಂದು ಕಟ್ಟುನಿಟ್ಟು.

ಮೊದಲ ಫೋನು ಶೃಂಗೇರಿ ಅತ್ತೆಯದು. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಮಳೆ ಬೇಕಾದರೂ, ಬಂದ ಮಳೆ ಸಾಕಾದರೂ ಅಲ್ಲಿಯವರು ಕಿಗ್ಗದ ಋಷ್ಯಶೃಂಗನಿಗೆ ಪೂಜೆ ಸಲ್ಲಿಸುತ್ತಾರೆ. ಸಿಗ್ನಲ್ಲಿಗೆ ಅಂಥ ದೇವರಿನ್ನೂ ಸಿಕ್ಕಿಲ್ಲ. ಆ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಅತ್ತೆ ತಮ್ಮ ಮದುವೆಯ ಫೋಟೊ ಕಳಿಸಿದ್ದರು. ಬಂದ ಉತ್ತರ: 413, ರಿಕ್ವೆಸ್ಟ್ ಎಂಟಿಟಿ ಟೂ ಲಾರ್ಜ್.

“ಲಾರ್ಜ್ ಅಂತೆ! ಆ ಫೋಟೊ ತೆಗೆಯುವಾಗ ನಾನು ಮೂವತ್ತೆಂಟು ಕೆಜಿ ಇದ್ದೆ ಮಾರಾಯ!”

ಅತ್ತೆಯದಲ್ಲ, ಫೋಟೊದ ತೂಕ ಎಂದು ಸಮಾಧಾನ ಹೇಳಿದೆ. ಈಗಿನ ಫೋನುಗಳಲ್ಲಿ ತೆಗೆದ ಒಂದು ಫೋಟೊ ಸಲೀಸಾಗಿ ನಾಲ್ಕೈದು ಎಂಬಿ ತೂಗುತ್ತದೆ. ಸರ್ವರಿನ ಬಾಗಿಲಲ್ಲಿ ಕೂತಿರುವ ಎಂಜಿನ್‌ಎಕ್ಸ್ ಎಂಬ ಸಾಫ್ಟ್‌ವೇರಿಗೆ ನಾವಾಗಿ ಏನೂ ಹೇಳದಿದ್ದರೆ ಅದು ಒಳಗೆ ಬಿಡುವುದು ಒಂದೇ ಎಂಬಿ. ಹೇಳಿದೆ. ಇಪ್ಪತ್ತೈದಕ್ಕೆ ಏರಿಸಿದೆ. ಅತ್ತೆ ಮತ್ತೆ ಅಂಗಳಕ್ಕಿಳಿದರು. ಈ ಸಲ ಫೋಟೊ ಪೂರ್ತಿ ಹೋಯಿತು, ಹೋದ ಮೇಲೆ “ಫೈಲು ಬಂದಿಲ್ಲ” ಎಂಬ ಸಂದೇಶ ಬಂತು.

ಮಲೆನಾಡಿನಲ್ಲಿ ಹುಟ್ಟಿದವನಿಗೆ ಇದು ಅರ್ಥವಾಗದ ವಿಷಯವಲ್ಲ. ರಸ್ತೆಯ ಉಣುಗೋಲು ಸರಿಸಿದ ಮಾತ್ರಕ್ಕೆ ಮನೆ ಬರುವುದಿಲ್ಲ; ಗದ್ದೆಯಂಚಿನಲ್ಲಿ ಇನ್ನೊಂದು, ತೋಟದ ಬಾಯಲ್ಲಿ ಮತ್ತೊಂದು ಇರುತ್ತದೆ. ಎಂಜಿನ್‌ಎಕ್ಸಿನ ಹಿಂದೆ ಸೈಟನ್ನು ನಡೆಸುವ ಪಿಎಚ್‌ಪಿ ಇದೆ. ಅದರ ರೂಢಿಯ ಲೆಕ್ಕದಲ್ಲಿ ಒಂದು ಫೈಲಿಗೆ 2 ಎಂಬಿ, ಇಡೀ ಅರ್ಜಿಗೆ 8 ಎಂಬಿ. ಜಾಲಪುಟದ ಅರ್ಜಿಗೆ ಫೈಲು ಲಗತ್ತಿಸುವ ಪದ್ಧತಿಯನ್ನು ಜೆರಾಕ್ಸ್ ಕಂಪನಿಯ ಇಬ್ಬರು ಬರೆದಿಟ್ಟದ್ದೇ 1995ರ ನವೆಂಬರಿನಲ್ಲಿ. ಆ ಕಾಲಕ್ಕೆ ಎರಡು ಎಂಬಿ ಎಂದರೆ ದೊಡ್ಡ ಆಸ್ತಿ. ಆಮೇಲೆ ಫೋಟೊಗಳು ಬೆಳೆದವು, ಆ ಸಂಖ್ಯೆ ಮಾತ್ರ ಬೆಳೆಯಲಿಲ್ಲ.

ಅಷ್ಟರಲ್ಲಿ ನರಸಿಂಹರಾಜಪುರದ ಭಾವ ಗುಡುಗಿದರು. ಅವರು ಅಜ್ಜನ ಕಾಲದ ಪಾಲುಪಟ್ಟಿಯನ್ನು ಸ್ಕ್ಯಾನ್ ಮಾಡಿ, ಹನ್ನೊಂದು ಎಂಬಿಯ ಪಿಡಿಎಫ್ ಕಟ್ಟಿ ಕಳಿಸಿದ್ದರು. ಸೈಟು ಕೆಂಪಕ್ಷರದಲ್ಲಿ “ನಿಮ್ಮ ಹೆಸರು ಕಡ್ಡಾಯ” ಎಂದಿತ್ತು. “ಎಂಥದು ಇದು? ಹೆಸರು ಬರೆದೆ, ಅಪ್ಪನ ಹೆಸರು ಬರೆದೆ, ಗೋತ್ರ ಸೈತ ಬರೆದೆ. ಇನ್ನು ಜನಿವಾರ ತೋರಿಸಬೇಕಾ?”

ಭಾವನ ಸಿಟ್ಟು ನ್ಯಾಯವಾದದ್ದೇ. ಅರ್ಜಿಯ ಒಟ್ಟು ತೂಕ ಎಂಟು ಎಂಬಿ ಮೀರಿದರೆ ಪಿಎಚ್‌ಪಿ ಫೈಲನ್ನಷ್ಟೇ ಬಿಸಾಡುವುದಿಲ್ಲ. ಹೆಸರು, ಊರು, ಗೋತ್ರ ಎಲ್ಲವನ್ನೂ ಸೇರಿಸಿ ಬಿಸಾಡಿ, ಒಳಗಿನ ಪ್ರೋಗ್ರಾಮಿನ ಕೈಗೆ ಖಾಲಿ ಅರ್ಜಿ ಕೊಡುತ್ತದೆ. ಖಾಲಿ ಅರ್ಜಿ ಕಂಡ ಪ್ರೋಗ್ರಾಮು ಹೆಸರು ಕೇಳದೆ ಇನ್ನೇನು ಕೇಳೀತು? ಪಾಲುಪಟ್ಟಿ ತಂದವನನ್ನೇ ನೀನ್ಯಾರು ಎಂದು ಕೇಳುವ ಪದ್ಧತಿ ಕಂಪ್ಯೂಟರಿಗೂ ಉಂಟು.

ರಜೆಗೆ ಬಂದಿದ್ದ ಭಾವನ ಮಗ, ಎಂಜಿನಿಯರಿಂಗ್ ಓದುವವನು, “ಮಾವ, ಕೊಡಿ ಇಲ್ಲಿ” ಎಂದು ಕೂತವನೇ ಫೈಲಿನ ಮಿತಿಯ ಮುಂದೆ ಠೀವಿಯಿಂದ 20ಎಂಬಿ ಎಂದು ಬರೆದು, ಪಿಎಚ್‌ಪಿಯನ್ನು ರೀಲೋಡ್ ಮಾಡಿ, ಹಪ್ಪಳ ಮುರಿದ. ಅದುವರೆಗೆ ಎರಡು ಎಂಬಿಯೊಳಗಿನ ಚಿಲ್ಲರೆ ಫೋಟೊಗಳಾದರೂ ಹೋಗುತ್ತಿದ್ದವು. ಈಗ ಅವೂ ನಿಂತವು.

ಪಿಎಚ್‌ಪಿ ಇಂಥಲ್ಲಿ ನೋಡುವುದು ಕೊನೆಯ ಅಕ್ಷರ ಮಾತ್ರ. ಎಂ ಎಂದರೆ ಮೆಗಾಬೈಟು ಎಂದು ಅದಕ್ಕೆ ಗೊತ್ತು, ಬಿ ಎಂದರೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬದಿಗಿಟ್ಟು ಉಳಿದ ಅಂಕಿಯನ್ನಷ್ಟೇ ಹಿಡಿಯುತ್ತದೆ: ಇಪ್ಪತ್ತು ಬೈಟು. 8.2ನೆಯ ಆವೃತ್ತಿಯಿಂದೀಚೆಗೆ ಒಂದು ಎಚ್ಚರಿಕೆಯನ್ನಾದರೂ ಕೊಡುತ್ತದೆ. ನಮ್ಮದು ಅದಕ್ಕಿಂತ ಹಳತು. ಎಂಜಿನ್‌ಎಕ್ಸಿಗೆ ಹೀಗೆ ಬರೆದಿದ್ದರೆ ಅದು ಶುರುವಾಗಲಿಕ್ಕೇ ಒಪ್ಪುತ್ತಿರಲಿಲ್ಲ.

ಇಪ್ಪತ್ತು ಬೈಟಿನಲ್ಲಿ ಏನು ಹಿಡಿಯುತ್ತದೆ? ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ, ಅದು ಅಕ್ಷರವಿರಲಿ, ಗುಣಿತವಿರಲಿ, ಸೊನ್ನೆಯಿರಲಿ, ಮೂರು ಬೈಟು. ಊರಿನ ಹೆಸರನ್ನಷ್ಟೇ ಬರೆದ ಫೈಲು ಕಳಿಸುತ್ತೇವೆಂದುಕೊಳ್ಳಿ. ‘ಕೊಪ್ಪ’ಕ್ಕೆ ಹದಿನೈದು ಬೈಟು, ಆರಾಮವಾಗಿ ಒಳಗೆ. ‘ಶೃಂಗೇರಿ’ಗೆ ಇಪ್ಪತ್ತೊಂದು, ಒಂದೇ ಒಂದು ಬೈಟಿನಿಂದ ಹೊರಗೆ. ‘ನರಸಿಂಹರಾಜಪುರ’ಕ್ಕೆ ಮೂವತ್ತಾರು, ಮಾತೇ ಇಲ್ಲ. ಆ ಊರಿಗಿಟ್ಟ ಯುವರಾಜರ ಹೆಸರು ಬೇಡ, ಹಳೆಯ ‘ಎಡೇಹಳ್ಳಿ’ಯೇ ಇರಲಿ ಎಂದರೂ ಇಪ್ಪತ್ತನಾಲ್ಕಾಗುತ್ತದೆ. ಇದನ್ನು ಕೇಳಿ ಖುಷಿಪಟ್ಟವರು ಕೊಪ್ಪದ ಚಿಕ್ಕಪ್ಪ ಒಬ್ಬರೇ.

ಆ ಬಿಯನ್ನು ಅಳಿಸಿದೆ. ಫೈಲಿಗೆ ಇಪ್ಪತ್ತು, ಇಡೀ ಅರ್ಜಿಗೆ ಅದಕ್ಕಿಂತ ಕೊಂಚ ಹೆಚ್ಚು, ಬಾಗಿಲಿಗೆ ಇನ್ನೂ ಕೊಂಚ ಹೆಚ್ಚು ಎಂದು ಒಳಗಿನಿಂದ ಹೊರಗೆ ಅಗಲವಾಗುವಂತೆ ಲೆಕ್ಕ ಕೂಡಿಸಿದೆ. ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದರ ಮಾತೇ ನಡೆಯುವುದರಿಂದ, ಒಂದನ್ನು ಮರೆತರೂ ಉಳಿದವುಗಳ ಔದಾರ್ಯ ದಂಡ.

ಅತ್ತೆಯ ಮದುವೆ ಕೊನೆಗೂ ಒಳಗೆ ಬಂತು. ಹಿಂದೆಯೇ ದಿಬ್ಬಣ. ಗೃಹಪ್ರವೇಶದ ವಿಡಿಯೊ, ಉಪನಯನದ ವಿಡಿಯೊ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗಿನ ವಿಡಿಯೊ. ದೊಡ್ಡವು ಹೋಗದಿದ್ದಾಗ “ಮಿತಿ ತೆಗೆದುಬಿಡು” ಎಂಬ ಒತ್ತಾಯ ಮೂರೂ ತಾಲ್ಲೂಕುಗಳಿಂದ ಶುರುವಾಯಿತು. ನಾವು ಬಡಿಸುವವರಿಗೆ ಸಾಕು ಎನ್ನಲಾರದೆ ಎಲೆಯ ಮೇಲೆ ಬಾಗಿ ಕೂರುವ ಜನ. ನೆಂಟರ ಫೈಲಿಗೆ ಬೇಡ ಎನ್ನುವ ಬಾಯಿ ನನಗೆಲ್ಲಿದೆ? ಈ ಮಿತಿಯನ್ನು ಕಂಡುಹಿಡಿದ ಪುಣ್ಯಾತ್ಮನ ಬೆಲೆ ಗೊತ್ತಾದದ್ದು ಆಗ. ನನ್ನ ಪರವಾಗಿ, ಮುಖದಾಕ್ಷಿಣ್ಯವಿಲ್ಲದೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಬೇಡ ಎನ್ನುವವನೊಬ್ಬ ಸರ್ವರಿನಲ್ಲಿ ಕೂತಿದ್ದಾನೆ.

“ನನ್ನ ಕೈಲಿಲ್ಲ ಅತ್ತೆ, ಬಿಡದೇ ಇರುವವನು ಎಂಜಿನ್‌ಎಕ್ಸ್” ಎಂದೆ.

ಅತ್ತೆ ಒಂದು ಗಳಿಗೆ ಯೋಚಿಸಿದರು. “ಅವನು ಯಾರ ಮನೆಯವನೋ? ನಮ್ಮ ಕಡೆಯವನೇ ಆಗಿದ್ರೆ ಹೇಳು, ಅವನ ಅಮ್ಮನ ಹತ್ರ ನಾನು ಮಾತಾಡ್ತೀನಿ.”