ಡೊಂಬಿವಲಿ ಫಾಸ್ಟ್ ಲೋಕಲ್‌ಗೆ ಸವತಿಯ ಪತ್ರ

ಅಕ್ಕಾ,

ವಯಸ್ಸಿನಲ್ಲಿ ನೀನೇ ಹಿರಿಯಳು. ನಿನ್ನ ವಂಶದವರು 1853ರ ಏಪ್ರಿಲ್ 16ಕ್ಕೇ ಬೋರಿಬಂದರಿನಿಂದ ಥಾಣೆಗೆ ಓಡಿದವರು, ಮರುವರ್ಷ ಕಲ್ಯಾಣ ಮುಟ್ಟಿದವರು. ನಾನು ಕಾರ್ಕಳದಿಂದ ಡೊಂಬಿವಲಿಗೆ ಸೊಸೆಯಾಗಿ ಬಂದು ಬರೀ ಹದಿನಾರು ವರ್ಷ. ಜಗಳ ಬೇಡ, ಲೆಕ್ಕ ಒಂದು ಕೇಳಬೇಕಿತ್ತು.

ಇವರು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತೂವರೆಗೆ ಬರುವುದು. ಫೋರ್ಟಿನ ಆಫೀಸಿನವರು ಹಗಲನ್ನೆಲ್ಲ ನುಂಗಿದರೂ ಸಂಬಳವಾದರೂ ಕೊಡುತ್ತಾರೆ. ನೀನು ಪಾಸಿನ ದುಡ್ಡನ್ನೂ ಇವರಿಂದಲೇ ವಸೂಲು ಮಾಡಿ, ಇವರ ನಗುವನ್ನೂ ಇಟ್ಟುಕೊಳ್ಳುತ್ತೀ. ದಸರೆಗೆ ನಿನಗೆ ಗೊಂಡೆ ಹೂವಿನ ಮಾಲೆ, ಆರತಿ, ಪೇಡಾ. ನನಗೆ ಮದುವೆಯ ವಾರ್ಷಿಕೋತ್ಸವಕ್ಕೆ ವಾಟ್ಸಾಪಿನಲ್ಲಿ ಒಂದು ಗುಲಾಬಿ, ಅದೂ ಯಾರೋ ಕಳಿಸಿದ್ದನ್ನು ಫಾರ್ವರ್ಡ್ ಮಾಡಿದ್ದು. ಇವರಿಗೆ ಬಡ್ತಿ ಬಂದ ಸಂಗತಿ ನನಗೆ ತಿಳಿದದ್ದು ಮೂರು ದಿನ ಕಳೆದು, ತರಕಾರಿ ಅಂಗಡಿಯಲ್ಲಿ, ನಿನ್ನ ಡಬ್ಬದ ಗೆಳೆಯರೊಬ್ಬರ ಹೆಂಡತಿಯ ಬಾಯಿಂದ. ಆಕೆ ವಡಾಪಾವ್ ಪಾರ್ಟಿಗೆ ಥ್ಯಾಂಕ್ಸ್ ಬೇರೆ ಹೇಳಿದಳು.

ನಾನೇನೂ ಸಾಚಾ ಅಲ್ಲ ಬಿಡು. ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಹಿಡಿದು ಐರೋಲಿಗೆ ಕೆಲಸಕ್ಕೆ ಹೋಗುವವಳು. ಸಂಜೆ ಲೇಡೀಸ್ ಡಬ್ಬದಲ್ಲಿ ಮಡಿಲಲ್ಲಿ ಬಟಾಣಿ ಸುಲಿಯುತ್ತ, ಅತ್ತೆಯ ಮಂಡಿನೋವಿನಿಂದ ಬಾಸಿನ ಸಿಡುಕಿನವರೆಗೆ ಎಲ್ಲ ಹೇಳಿ ಹಗುರಾಗುತ್ತೇನೆ. ಮನೆ ಮುಟ್ಟುವಾಗ ಇವರಿಗೆಂದು ಉಳಿದಿರುವುದು ಸುಲಿದ ಬಟಾಣಿ ಮತ್ತು ಗ್ಯಾಸ್ ಮುಗಿದ ಸುದ್ದಿ.

ಊರಿಗಾದರೂ ಹೋಗೋಣ ಎಂದರೆ, ಮತ್ಸ್ಯಗಂಧ ರೈಲಿನ ಟಿಕೆಟನ್ನು ಅರವತ್ತು ದಿನ ಮೊದಲೇ ತೆಗೆಯಬಹುದು. ಆದರೆ ಇಬ್ಬರ ರಜೆ ಒಂದೇ ವಾರಕ್ಕೆ ಕೂಡಿ ಬರಬೇಕಾದರೆ ಜಾತಕವೇ ನೋಡಿಸಬೇಕು.

ನನಗೆ ಉಳಿದದ್ದು, ಹಳಿ ರಿಪೇರಿಗೆಂದು ನಿನ್ನ ದಾರಿ ಕಟ್ಟುವ ಆದಿತ್ಯವಾರದ ಮೆಗಾಬ್ಲಾಕ್. ಊರೆಲ್ಲ ಅದಕ್ಕೆ ಶಾಪ ಹಾಕಿದರೆ ನಾನು ದೀಪ ಹಚ್ಚುತ್ತೇನೆ. ಹೋದ ವಾರ ಇವರು ಮನೆಯಲ್ಲೇ ಇದ್ದರು. ನಾನು, ಅತ್ತೆ, ಮಗ ಕೂತಿದ್ದ ಸೋಫಾದ ಹತ್ತಿರ ಬಂದು, "ಸ್ವಲ್ಪ ಸರೀರಿ" ಎಂದು ತುದಿಯಲ್ಲಿ ಅರ್ಧ ಊರಿ ಕೂತರು, ಥೇಟ್ ನಿನ್ನ ಡಬ್ಬದ ಫೋರ್ತ್ ಸೀಟ್. ಹಿಂದೆ ಬೇಕಾದಷ್ಟು ಜಾಗವಿತ್ತು. ಹಾಗೇ ತೂಕಡಿಸಿದರು. ಕುಕ್ಕರ್ ಸೀಟಿ ಹೊಡೆದದ್ದೇ ತಡ, ಬೆಚ್ಚಿ ಎದ್ದು ಬ್ಯಾಗಿಗಾಗಿ ತಲೆಯ ಮೇಲೆ ಕೈ ಚಾಚಿ, "ಡೊಂಬಿವಲಿ ಬಂತಾ?" ಎಂದರು.

"ಬಂತು, ಇಳಿಯಿರಿ. ಅನ್ನ ಆಗಿದೆ," ಎಂದೆ.

ಇಂತಿ,
ನಿನ್ನ ಕಿರಿ ಸವತಿ