ಹೊಸ ಗೇಮಿಂಗ್ ಲ್ಯಾಪ್‌ಟಾಪ್ ಬಿಚ್ಚುವವರಿಗೆ ಕೈಪಿಡಿ

ಅನ್ವಯ

ಕಂತು ಇನ್ನೂ ತೀರದ, ಮನೆಯಲ್ಲಿ ‘ಪ್ರಾಜೆಕ್ಟ್‌ಗೆ ಬೇಕು’ ಎಂದು ಹೇಳಿ ಕೊಡಿಸಿಕೊಂಡ ಗೇಮಿಂಗ್ ಲ್ಯಾಪ್‌ಟಾಪುಗಳಿಗೆ ಈ ಕೈಪಿಡಿ ಅನ್ವಯಿಸುತ್ತದೆ. ಸ್ವಂತ ಸಂಬಳದಲ್ಲಿ ಕೊಂಡವರು ಹಂತ 1ನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಮದುವೆಯಾಗಿದ್ದರೆ ಬಿಡುವಂತಿಲ್ಲ.

ಹಂತ 1: ಒಪ್ಪಿಗೆ

ಸ್ಕ್ರೂಡ್ರೈವರ್ ಕೈಗೆ ಬರುವ ಮೊದಲೇ ಈ ಮಾತುಕತೆ ನಡೆಯುತ್ತದೆ. ತಪ್ಪಿಸಿಕೊಳ್ಳಲು ನೋಡಬೇಡಿ.

“ಕೆಟ್ಟೋಗಿದ್ಯೇನೋ?”

“ಇಲ್ಲಪ್ಪ, ಚೆನ್ನಾಗೇ ಇದೆ.”

“ಮತ್ತೆ ಬಿಚ್ಚೋದ್ಯಾಕೆ?”

ನ್ಯಾಯವಾದ ಪ್ರಶ್ನೆ. ಉತ್ತರ ಹೀಗಿರಲಿ: ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇರುತ್ತವೆ. ಎಷ್ಟೋ ಮಾದರಿಗಳಲ್ಲಿ ಕಂಪನಿ ಒಂದನ್ನು ಮಾತ್ರ ತುಂಬಿಸಿ ಕಳಿಸಿರುತ್ತದೆ. ಡಿಡಿಆರ್4-3200 ಸ್ಟಿಕ್ ಒಂದೇ ಇದ್ದರೆ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಓಡಾಡುತ್ತದೆ. ಜೋಡಿ ಹಾಕಿದರೆ 51.2. ಅಂಕಿಗಳಿಂದ ಅಪ್ಪ ಕರಗದಿದ್ದರೆ, ಕರೆಂಟ್ ಬಿಲ್ ಕಟ್ಟುವ ಕಡೆ ಎರಡು ಕಿಟಕಿ ಇದ್ದೂ ಒಂದರಲ್ಲಷ್ಟೇ ಗುಮಾಸ್ತ ಕೂತಿದ್ದರೆ ಹೇಗೋ ಹಾಗೆ ಎನ್ನಿ. ಆ ಸಾಲಿನಲ್ಲಿ ನಿಂತ ಅನುಭವ ಅವರಿಗಿದೆ. ಆಟದ ಮಾತು ಎತ್ತಬೇಡಿ. ಆಟದಲ್ಲಿ ಸರಾಸರಿ ಫ್ರೇಮ್ ತುಸುವೇ ಏರಿದರೂ, ಶತ್ರುಗಳು ಗುಂಪಾಗಿ ಮೇಲೆ ಬಿದ್ದ ಹೊತ್ತಿಗೇ ಚಿತ್ರ ತಟಕ್ಕನೆ ನಿಲ್ಲುವ ಗೋಳು ಕಡಿಮೆಯಾಗುತ್ತದೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು.

ಯಾವುದು ಬದಲಾಗುತ್ತದೆ, ಯಾವುದು ಇಲ್ಲ

ರ‍್ಯಾಮ್ ಬದಲಾಗುತ್ತದೆ. ಎಸ್‌ಎಸ್‌ಡಿ ಬದಲಾಗುತ್ತದೆ. ವೈಫೈ ಕಾರ್ಡ್ ಸಾಮಾನ್ಯವಾಗಿ ಬದಲಾಗುತ್ತದೆ, ಆದರೆ ಅದರ ಆಂಟೆನಾ ತಂತಿಯ ತುದಿ ಸಾಸಿವೆಯಷ್ಟೇ ಇರುವುದರಿಂದ ನಿಮ್ಮ ಸಹನೆಯೂ ಬದಲಾಗುತ್ತದೆ. ಅಷ್ಟೇ. ತೆಳ್ಳಗಿನ ದುಬಾರಿ ಮಾದರಿ ಕೊಂಡವರು ಮೊದಲು ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆಯೇ ಎಂದು ಕಂಪನಿಯ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ಆಗಿದ್ದರೆ ನಿಮ್ಮ ಮಟ್ಟಿಗೆ ಅರ್ಧ ಕೈಪಿಡಿ ಇಲ್ಲಿಗೇ ಮುಗಿಯಿತು.

“ಹಂಗಾದ್ರೆ ಗ್ರಾಫಿಕ್ಸ್ ಕಾರ್ಡ್?” ಎಂದು ಕೇಳುವ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. ಗ್ರಾಫಿಕ್ಸ್ ಚಿಪ್ಪೂ ಪ್ರೊಸೆಸರೂ ಬೋರ್ಡಿಗೆ ಬೆಸುಗೆಯಾಗಿರುತ್ತವೆ. ಒಂದು ಕಾಲದಲ್ಲಿ ಕಳಚಿ ಹಾಕುವ ಪ್ರೊಸೆಸರುಗಳು ಲ್ಯಾಪ್‌ಟಾಪಿನಲ್ಲೂ ಇದ್ದವು. 2013ರ ಹೊತ್ತಿಗೆ ಬಂದ ಇಂಟೆಲ್ ನಾಲ್ಕನೇ ತಲೆಮಾರಿನ ನಂತರ ಆ ದಾರಿ ಮುಚ್ಚಿತು. ಗ್ರಾಫಿಕ್ಸ್ ಭಾಗವನ್ನೇ ಕಳಚಿ ಬೇರೆ ಕೂರಿಸುವ ಫ್ರೇಮ್‌ವರ್ಕ್ 16ರಂಥ ಯಂತ್ರ ಅಪವಾದ, ನಿಮ್ಮ ಮೇಜಿನ ಮೇಲಿರುವುದು ಅದಲ್ಲ. ಹೆಸರನ್ನೂ ನಂಬುವಂತಿಲ್ಲ. ಆರ್‌ಟಿಎಕ್ಸ್ 4060 ಎಂಬ ಒಂದೇ ಚೀಟಿ ಅಂಟಿಸಿಕೊಂಡ ಲ್ಯಾಪ್‌ಟಾಪ್ ಚಿಪ್ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಲ್ಲಿ ಬೇಕಾದರೂ ಓಡಬಹುದು. ಎಷ್ಟು ಎಂಬುದನ್ನು ನಿರ್ಧರಿಸಿದವನು ತಯಾರಕ. ಅದನ್ನು ತಿರುಗಿಸುವ ಸ್ಕ್ರೂ ಹಿಂಬದಿಯಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ಈ ಕೈಪಿಡಿಯನ್ನು ಓದಬೇಕಾದದ್ದು ಕೊಳ್ಳುವ ಮೊದಲು. ಆಮೇಲೆ ಸುಲಭವಾಗಿ ಬದಲಿಸಲಾಗದ್ದಕ್ಕೆ, ಅಂದರೆ ಚಿಪ್ಪಿಗೆ, ಅದರ ವ್ಯಾಟಿಗೆ, ಪರದೆಗೆ, ಫ್ಯಾನಿಗೆ ಅಂಗಡಿಯಲ್ಲೇ ದುಡ್ಡು ಸುರಿದು, ರ‍್ಯಾಮ್ ಎಸ್‌ಎಸ್‌ಡಿಗಳಲ್ಲಿ ಜಿಪುಣತನ ತೋರಿಸಬೇಕಿತ್ತು. ಹೆಚ್ಚಿನವರು ತಿರುವುಮುರುವು ಮಾಡಿರುತ್ತಾರೆ: ಡಬ್ಬದ ಮೇಲೆ ‘1 ಟಿಬಿ’ ಎಂದು ದೊಡ್ಡದಾಗಿ ಕಂಡದ್ದನ್ನು ಎತ್ತಿಕೊಂಡು ಬಂದು, ಮಂಕು ಪರದೆಯ ಮುಂದೆ ಕೂತಿರುತ್ತಾರೆ. ಅಂಥವರೂ ಮುಂದೆ ಓದಬಹುದು, ಬಿಚ್ಚುವ ಸುಖ ಎಲ್ಲರಿಗೂ ಒಂದೇ.

ಹಂತ 2: ಎಸ್.ಪಿ. ರೋಡ್

ರ‍್ಯಾಮ್ ಕೊಳ್ಳಲು ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಅಂಗಡಿಗಳಿಗೆ ಹೋಗಿ. ಹಾಸನ, ದಾವಣಗೆರೆಯವರಾದರೆ ಬೆಂಗಳೂರಿನಲ್ಲಿರುವ ಅಕ್ಕನ ಮಗನನ್ನು ಕಳಿಸಿ. ಡಿಡಿಆರ್4 ಲ್ಯಾಪ್‌ಟಾಪ್ ಸ್ಟಿಕ್ಕಿಗೆ 260 ಪಿನ್, ಡಿಡಿಆರ್5ಕ್ಕೆ 262. ನಡುವಿನ ಕಚ್ಚೂ ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ, ಒತ್ತಿದರೂ ಕೂರುವುದಿಲ್ಲ, ಅಕ್ಕನ ಮಗ ಒತ್ತಿದರೂ ಕೂರುವುದಿಲ್ಲ.

ಅಂಗಡಿಯಲ್ಲಿ “ಬಿಲ್ ಬೇಕಾ ಸಾರ್?” ಎಂದು ಕೇಳಿದರೆ ಅದು ಮರ್ಯಾದೆಯ ಮಾತಲ್ಲ, ಎರಡು ಬೆಲೆಗಳ ಪೈಕಿ ಯಾವುದು ಎಂಬ ವಿಚಾರಣೆ. ಬೇಕು ಎನ್ನಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಸಿದವನು ಸ್ಟಿಕ್ ಸತ್ತ ದಿನ ವಾರಂಟಿ ಕೇಳಲು ಬರಿಗೈಯಲ್ಲಿ ಹೋಗುತ್ತಾನೆ.

ಬೆಲೆ ಕೇಳಿ ಗಾಬರಿಯಾದರೆ ಅಂಗಡಿಯವನನ್ನು ಬೈಯಬೇಡಿ. 2025ರ ಕೊನೆಯಿಂದ ಮೆಮೊರಿ ತಯಾರಕರು ತಮ್ಮ ಸರಕನ್ನು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಕಡೆಗೆ ತಿರುಗಿಸಿದ್ದಾರೆ. ಮೈಕ್ರಾನ್ ಕಂಪನಿಯಂತೂ ಜನಸಾಮಾನ್ಯರಿಗೆ ರ‍್ಯಾಮ್ ಮಾರುವ ತನ್ನ ‘ಕ್ರೂಷಿಯಲ್’ ವ್ಯವಹಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಸಾರಿತು. ನೀವು ರಾತ್ರಿಯಿಡೀ ಚಾಟ್‌ಬಾಟ್‌ಗೆ ಕೇಳಿದ ‘ಯಾವ ರ‍್ಯಾಮ್ ತಗೊಳ್ಲಿ?’ ಎಂಬ ಪ್ರಶ್ನೆಯ ಖರ್ಚೂ ಈ ಬೆಲೆಯಲ್ಲಿ ಸೇರಿದೆ.

ಹಂತ 3: ಬಿಚ್ಚುವುದು

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಗಿಟಾರ್ ಬಾರಿಸುವ ಪ್ಲಾಸ್ಟಿಕ್ ಬಿಲ್ಲೆ ಅಥವಾ ಅವಧಿ ಮುಗಿದ ಎಟಿಎಂ ಕಾರ್ಡ್, ಒಂದು ಬಿಳಿ ಹಾಳೆ. ಚಾಕು, ಮಗುಚುವ ಕೈ, ಉಗುರು ನಿಷಿದ್ಧ. ಹಾಸಿಗೆಯ ಮೇಲೆ ಮಾಡಬೇಡಿ. ಚಿಕ್ಕ ಸ್ಕ್ರೂಗಳು ಹೊದಿಕೆಯೊಳಗೆ ಹೊಕ್ಕರೆ ಸಿಗುವುದು ದೀಪಾವಳಿ ಸಾರಣೆಗೇ.

ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನು ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಕೀಬೋರ್ಡಿನ ಕಡೆ ಒಂದು ಮೊಡವೆ ಏಳುತ್ತದೆ, ಅದಕ್ಕೆ ಮದ್ದಿಲ್ಲ. ಎಷ್ಟು ತಿರುಗಿಸಿದರೂ ಹೊರಗೆ ಬಾರದ ಒಂದು ಸ್ಕ್ರೂ ಇರಬಹುದು. ಅದು ಹಾಳಾಗಿಲ್ಲ, ಮುಚ್ಚಳದಲ್ಲೇ ಉಳಿಯುವಂತೆ ಮಾಡಿದ್ದು. ಬಿಟ್ಟುಬಿಡಿ.

ಇನ್ನು ಮುಚ್ಚಳ. ಅಂಚಿಗೆ ಬಿಲ್ಲೆ ತೂರಿಸಿ ಸರಿಸುತ್ತಾ ಹೋದಂತೆ ಸದ್ದುಗಳು ಬರುತ್ತವೆ. ‘ಟಕ್’ ಎಂದರೆ ಕ್ಲಿಪ್ ಬಿಟ್ಟಿದೆ, ಮುಂದುವರಿಯಿರಿ. ‘ಟಪ್ ಟಪ್ ಟಪ್’ ಎಂದರೆ ಸಾಲಾಗಿ ಬಿಟ್ಟಿವೆ, ಸಂತೋಷಪಡಿ. ‘ಕಟ್’ ಎಂದರೆ ಪಕ್ಕದ ಕೋಣೆಯಿಂದ “ಏನೋ ಅದು?” ಎಂಬ ದನಿ ಬರುವ ಮೊದಲು ಕೆಮ್ಮಿ.

ತೆರೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಇಲ್ಲಿ ತಮಾಷೆಯಿಲ್ಲ: ಬ್ಯಾಟರಿ ಸೇರಿಸಿಕೊಂಡೇ ರ‍್ಯಾಮ್ ಕೀಳುವವರು ಬೋರ್ಡ್ ಸುಟ್ಟುಕೊಳ್ಳಬಹುದು. ಕನೆಕ್ಟರನ್ನು ತಂತಿ ಹಿಡಿದು ಎಳೆಯಬಾರದು. ಕಳಚಿದ ಮೇಲೆ ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಉಣ್ಣೆಯ ಸ್ವೆಟರ್ ತೆಗೆದಿಟ್ಟು, ಬಣ್ಣವಿಲ್ಲದ ಲೋಹವೊಂದನ್ನು ಮುಟ್ಟಿ.

ರ‍್ಯಾಮ್ ಸ್ಟಿಕ್ಕನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆಗಳು ತಾವಾಗಿ ಹಿಡಿಯುತ್ತವೆ. ಎಸ್‌ಎಸ್‌ಡಿ 22 ಮಿಲಿಮೀಟರ್ ಅಗಲ, 80 ಉದ್ದ. ಅದಕ್ಕೇ 2280 ಎಂಬ ಹೆಸರು. ತೂರಿಸಿದ ಮೇಲೆ ಅದು ಬಾಲ ಎತ್ತಿ ನಿಲ್ಲುತ್ತದೆ. ಮಲಗಿಸಿ ಕೂರಿಸಲು ಒಂದೇ ಒಂದು ಪುಟ್ಟ ಸ್ಕ್ರೂ ಬೇಕು. ಅದನ್ನು ಕಂಪನಿ ಕೆಲವೊಮ್ಮೆ ಕೊಟ್ಟಿರುವುದಿಲ್ಲ, ಅಂಗಡಿಯವನೂ ಕೊಟ್ಟಿರುವುದಿಲ್ಲ, ಸಾವಿರಾರು ರೂಪಾಯಿಯ ಕೆಲಸ ಆ ಒಂದು ಸ್ಕ್ರೂಗಾಗಿ ಭಾನುವಾರವೆಲ್ಲ ಕಾಯುತ್ತದೆ.

ಬಿಚ್ಚಿದ್ದಾಯಿತಲ್ಲ, ಪ್ರೊಸೆಸರಿನ ಮೇಲಿನ ಪೇಸ್ಟನ್ನೂ ಬದಲಿಸಿಬಿಡೋಣ ಎಂದು ಕೈ ತುರಿಸುತ್ತದೆ. ಹೊಸ ಯಂತ್ರಕ್ಕೆ ಬೇಡ. ಅದರಲ್ಲೂ ಗ್ಯಾಲಿಯಂ ಇರುವ ಲಿಕ್ವಿಡ್ ಮೆಟಲ್ ಬೇಡವೇ ಬೇಡ. ಅದು ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ.

ಸಮಸ್ಯೆಗಳು, ಪರಿಹಾರಗಳು

ಪವರ್ ಒತ್ತಿದಿರಿ, ಪರದೆ ಕಪ್ಪು. ಫ್ಯಾನ್ ಮಾತ್ರ ಸುಯ್ಯೆನ್ನುತ್ತಿದೆ. ಡಿಡಿಆರ್5 ಯಂತ್ರಗಳು ಹೊಸ ರ‍್ಯಾಮ್ ಕಂಡರೆ ಮೊದಲ ಬಾರಿ ಅದನ್ನು ಪಳಗಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತವೆ, ಕೆಲವೊಮ್ಮೆ ನಿಮಿಷಗಟ್ಟಲೆ. ಆ ಹೊತ್ತಿಗೆ ಸರಿಯಾಗಿ ಅಪ್ಪ ಬಾಗಿಲಲ್ಲಿ ನಿಲ್ಲುತ್ತಾರೆ. “ಅಪ್‌ಡೇಟ್ ಆಗ್ತಿದೆ” ಎನ್ನಿ. ಪವರ್ ಬಟನ್ ಮತ್ತೆ ಒತ್ತಬೇಡಿ.

ಪರದೆ ಬಂತು, ಆದರೆ ನೀಲಿಯಾಗಿದ್ದು 48 ಅಂಕಿಯ ರಿಕವರಿ ಕೀ ಕೇಳುತ್ತಿದೆ. ಯಂತ್ರಾಂಶದಲ್ಲೋ ಬಯೋಸ್‌ನಲ್ಲೋ ವ್ಯತ್ಯಾಸ ಕಂಡರೆ ವಿಂಡೋಸ್‌ನ ಬಿಟ್‌ಲಾಕರ್ ಕೆಲವೊಮ್ಮೆ ಹೀಗೆ ಪಟ್ಟು ಹಿಡಿಯುತ್ತದೆ. ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆ. ಆ ಖಾತೆ ತೆರೆದವನು ಕೊಂಡ ದಿನ ಕೌಂಟರಿನಲ್ಲಿದ್ದ ಹುಡುಗ. ಆದ್ದರಿಂದ ಈ ಪರಿಹಾರವನ್ನು ಹಂತ 1ಕ್ಕಿಂತ ಮೊದಲೇ ಮಾಡಿ, ಕೀಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಹೊಸ ಎಸ್‌ಎಸ್‌ಡಿ ಕಾಣುತ್ತಿಲ್ಲವೇ? ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇನಿಶಿಯಲೈಸ್ ಮಾಡಿ. 1 ಟಿಬಿ ಕೊಂಡದ್ದು 931 ಎಂದು ತೋರಿಸಿದರೆ ಉಳಿದ 69 ಅಂಗಡಿಯವನ ಜೇಬಿಗೆ ಹೋಗಿಲ್ಲ: ತಯಾರಕ ಸಾವಿರದ ಲೆಕ್ಕದಲ್ಲಿ ಮಾರುತ್ತಾನೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ನಿರ್ವಹಣೆ

ಕಳಚಿದ ಮೂಲ ಭಾಗಗಳನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ, ತಮ್ಮನಿಗೆ ಮಾರಬೇಡಿ. ಸರ್ವೀಸಿಗೆ ಕೊಡುವ ಮುನ್ನ ಅವನ್ನೇ ಹಿಂದಿರುಗಿಸಿ ಕೂರಿಸಬೇಕಾಗಬಹುದು. ರ‍್ಯಾಮ್ ಬದಲಿಸಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕಂಪನಿಗೆ ಇಮೇಲ್ ಬರೆದು ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಕೊಟ್ಟ ಮಾತು ಫೋನಿನಲ್ಲೇ ಉಳಿಯುತ್ತದೆ.

ಆಯುಧಪೂಜೆಯಂದು ಅರಿಶಿನ ಕುಂಕುಮ ಮುಚ್ಚಿದ ಪರದೆಯ ಬೆನ್ನಿಗೆ ಮಾತ್ರ. ಗಾಳಿ ಹೋಗುವ ಕಿಂಡಿಯ ಹತ್ತಿರ ಅಕ್ಷತೆ ಬೇಡ. ಯಂತ್ರ ಆಫ್ ಆಗಿರಲಿ, ಇಲ್ಲವಾದರೆ ವಿಭೂತಿಯನ್ನು ಫ್ಯಾನ್ ಒಳಗೆಳೆದುಕೊಳ್ಳುತ್ತದೆ. ಮಂಗಳಾರತಿಯನ್ನು ಅಪ್ಪನೇ ಎತ್ತುತ್ತಾರೆ. ಎರಡನೇ ಎಸ್‌ಎಸ್‌ಡಿ ಸ್ಲಾಟ್ ಇನ್ನೂ ಖಾಲಿ ಇದೆ ಎಂಬ ವಿಷಯ ಅಂದು ಎತ್ತಬೇಡಿ. ಪಿಂಚಣಿ ಬಂದ ಮರುದಿನ, ತಿಂಡಿಯಾದ ಮೇಲೆ ಎತ್ತಿ.