ಮಧ್ಯಸಂಕೇತ ಪಾಠ ಪರಿಷ್ಕರಣ ಮೀಮಾಂಸೆ: ನರೋಣಾ ಶಾಖೆ

ಕಂಪೈಲರ್ ಶಾಸ್ತ್ರದ ಇತಿಹಾಸಕಾರರು ಆಳಂದ ತಾಲೂಕಿನ ನರೋಣಾವನ್ನು ಅಡಿಟಿಪ್ಪಣಿಯಲ್ಲೂ ನೆನೆದವರಲ್ಲ. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ಘನ ಉದ್ದೇಶ. ಪರರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವ ಹಕ್ಕು ನಮ್ಮ ಜಿಲ್ಲೆಗೆ ಪರಂಪರೆಯಿಂದ ಬಂದದ್ದು. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಇದೇ ಕಲಬುರಗಿ ಸೀಮೆಯ ಮರತೂರಿನವನು. ಸ್ಮೃತಿಗೇ ವ್ಯಾಖ್ಯಾನ ಬೇಕಾಯಿತೆಂದ ಮೇಲೆ ಟ್ಯುಟೋರಿಯಲ್ ಯಾವ ಲೆಕ್ಕ?

ವಿಷಯ: ನಾಲ್ಕು ಪ್ರೋಗ್ರಾಮಿಂಗ್ ಭಾಷೆ, ಐದು ಬಗೆಯ ಚಿಪ್. ನೇರ ವ್ಯವಹಾರಕ್ಕೆ 20 ಅನುವಾದಕಗಳು ಬೇಕು. ನಡುವೆ ಒಂದು ಮಧ್ಯಸಂಕೇತ (ಇಂಟರ್ಮೀಡಿಯಟ್ ಕೋಡ್) ಇದ್ದರೆ 9 ಸಾಕು. ತೊಗರಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತೂರ ರೈತರಿಗೂ ಹತ್ತಾರು ದಾಲ್ ಮಿಲ್ಲುಗಳಿಗೂ ನಡುವೆ ಅಡತಿ ಅಂಗಡಿ ಇರುವುದೇ ಇದಕ್ಕೆ. ಮಧ್ಯಸಂಕೇತ ಕಮಿಷನ್ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಆಕರಗ್ರಂಥ, ಕಂಪೈಲರ್ ಕಟ್ಟುವ ಸಲಕರಣೆಯಾದ ಎಲ್‌ಎಲ್‌ವಿಎಂನ ‘ಕೆಲೈಡೋಸ್ಕೋಪ್’ ಪಾಠ. ಎಲ್‌ಎಲ್‌ವಿಎಂ 2000ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಅಡ್ವೆ ಮತ್ತು ಕ್ರಿಸ್ ಲ್ಯಾಟ್ನರ್ ಕೈಯಲ್ಲಿ ಹುಟ್ಟಿತು. ಪಾಠದ 3ನೇ ಅಧ್ಯಾಯವೇ ಮಧ್ಯಸಂಕೇತಕಾಂಡ. ‘ಎ + ಬಿ × ಸಿ’ ಎಂದು ಬರೆದರೆ ಅದು ಮೊದಲು ಟಿ1 = ಬಿ × ಸಿ, ಆಮೇಲೆ ಟಿ2 = ಎ + ಟಿ1 ಎಂದು ಬಿಡಿಯಾಗುತ್ತದೆ. ಒಮ್ಮೆ ಬೆಲೆ ಪಡೆದ ಹೆಸರು ಇನ್ನೊಂದು ಬೆಲೆಯತ್ತ ಕಣ್ಣೆತ್ತಿಯೂ ನೋಡಬಾರದು. ಇದು ಮಧ್ಯಸಂಕೇತದ ಏಕಪತ್ನೀವ್ರತ. ಬೆಲೆ ಬದಲಿಸುವ ಚಂಚಲ ಚರಗಳನ್ನು 7ನೇ ಅಧ್ಯಾಯ ಮೆಮೊರಿಯಲ್ಲಿ ಕೂರಿಸಿ, ‘ಮೆಮ್‌ಟುರೆಗ್’ ಎಂಬ ಪ್ರಾಯಶ್ಚಿತ್ತದಿಂದ ಶುದ್ಧಿ ಮಾಡುತ್ತದೆ.

ಸಂಶಯ: ನರೋಣಾದಿಂದ ದಿನಾ ಬಸ್ ಹಿಡಿದು ಕಲಬುರಗಿಗೆ ಹೋಗಿ ಓದುವ ವಿದ್ಯಾರ್ಥಿಯ ಆದಿಸೂತ್ರ ಹೀಗಿದೆ: “ಸರ, ಪಾಠದಾಗ ಇದ್ದಂಗೇ ಹೊಡ್ದೀನ್ರಿ. ಆದ್ರೂ ಎರರ್ ಬರ್ಲಿಕತ್ತದ್ರಿ.”

ಇದರ ಮೂಲ ಪಾಠಾಂತರಗಳಲ್ಲಿದೆ. ಪ್ರಾಚೀನ ಪಾಠದಲ್ಲಿ ದಶಾಂಶ ಸಂಖ್ಯೆಗಳನ್ನೂ ಬರೀ ‘ಆ್ಯಡ್’ ಕೂಡಿಸುತ್ತಿತ್ತು. 2009ರ ಎಲ್‌ಎಲ್‌ವಿಎಂ 2.6ನೇ ಆವೃತ್ತಿ ಅವಕ್ಕೆಂದೇ ‘ಎಫ್‌ಆ್ಯಡ್’ ತಂದಿತು. ಮೆಮೊರಿಯ ವಿಳಾಸ ಹಿಡಿದಿರುವ ಪಾಯಿಂಟರ್ ಬಹುಕಾಲ ಸಗುಣವಾಗಿತ್ತು. ತಾನು ಯಾವ ಬಗೆಯ ವಸ್ತುವನ್ನು ತೋರಿಸುತ್ತೇನೆಂದು ಮೈಮೇಲೆ ಬರೆದುಕೊಂಡಿತ್ತು. 2022ರ 15ನೇ ಆವೃತ್ತಿಯಿಂದ ಅದು ನಿರ್ಗುಣವಾಯಿತು. 2023ರ 17ರಲ್ಲಿ ಸಗುಣೋಪಾಸನೆಗೆ ಅವಕಾಶವೇ ಹೋಯಿತು. ಈಗ ಮೆಮೊರಿಯಿಂದ ಬೆಲೆ ತೆಗೆಯುವವರೇ ಅದರ ಬಗೆಯನ್ನು ಬಾಯಿಬಿಟ್ಟು ಹೇಳಬೇಕು. ಹಳೆಯ ಪಾಠದ ಪ್ರತಿ ಹಿಡಿದವರಿಗೆ ಈ ಮತಾಂತರದ ಸುದ್ದಿ ಮುಟ್ಟುವುದು ಎರರ್ ರೂಪದಲ್ಲೇ.

ಪೂರ್ವಪಕ್ಷ: ‘ಒದ್ದಾಡಿದರೆ ತಾನೇ ವಿದ್ಯೆ ಬರುವುದು’ ಎನ್ನುತ್ತಾರೆ ಪಂಡಿತರು. ಅವರಿಗೆ ವಿದ್ಯೆ ಬಂದು ಬಹಳ ವರ್ಷವಾಗಿದೆ, ಒದ್ದಾಟ ಮರೆತಿದೆ.

ಸಿದ್ಧಾಂತ: ಪಾಠದ ನೆತ್ತಿಯ ಮೇಲೆ ಆವೃತ್ತಿಯ ಸಂಖ್ಯೆ ಇರಬೇಕು. ಕೋಡಿನ ಸಾಲು ತಿದ್ದಿದವರು ಅದರ ಕೆಳಗಿನ ವಿವರಣೆಯನ್ನೂ ತಿದ್ದಬೇಕು. ಇಲ್ಲವಾದರೆ ಕೋಡು ನಿರ್ಗುಣ, ವಿವರಣೆ ಸಗುಣವಾಗಿ ದ್ವೈತ ಹುಟ್ಟುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಪಾಠದ ಕೋಡನ್ನು ಮತ್ತೆ ಓಡಿಸಿ ನೋಡಬೇಕು. ‘ಸುಲಭವಾಗಿ’, ‘ಸ್ಪಷ್ಟವಾಗಿಯೇ’ ಎಂಬ ಪದಗಳನ್ನು ಕ್ಷೇಪಕಗಳೆಂದು ಕಿತ್ತೊಗೆಯಬೇಕು.

ಪಾಠದಲ್ಲಿದ್ದಂತೆಯೇ ಬರೆದೂ ಎರರ್ ಬಂದರೆ ತಪ್ಪು ಪಾಠದ್ದು, ಓದಿದವರದ್ದಲ್ಲ. ಇದು ನರೋಣಾ ಶಾಖೆಯ ನಿರ್ಣಯ, ಮೇಲ್ಮನವಿಗೆ ಅವಕಾಶವಿಲ್ಲ.